ಹೊಸ ಬಣ್ಣ ಬಳಿದ ಹಳೇ ಮನೆ: ಅಡ್ವಾನ್ಸ್ ಕೊಡೋ ಮುಂಚೆ ಏನು ನೋಡಬೇಕು?

ಪ್ರಶ್ನೆ: ಸರ್, ಮೈಸೂರಿನ ಕುವೆಂಪುನಗರದಲ್ಲಿ 30×40 ಸೈಟಿನ ಮನೆಯೊಂದು ನೋಡಿದ್ದೇವೆ. ಕಟ್ಟಿ 18 ವರ್ಷ ಆಗಿದೆಯಂತೆ. ಈಗಷ್ಟೇ ಬಣ್ಣ ಹೊಡೆಸಿದ್ದಾರೆ, ಫಳಫಳ ಅಂತಿದೆ. ಭಾನುವಾರವೇ ಅಡ್ವಾನ್ಸ್ ಕೊಡಿ ಅಂತ ಬ್ರೋಕರ್ ಅವಸರ ಮಾಡ್ತಿದ್ದಾರೆ. ಅಪ್ಪ ಕೂಡಿಟ್ಟ ದುಡ್ಡೂ ಇದಕ್ಕೇ ಹೋಗುತ್ತೆ, ಭಯ ಆಗ್ತಿದೆ. ನಾವೇ ಏನೇನು ನೋಡಿಕೊಳ್ಳಬಹುದು?

ಉತ್ತರ (ಸಿವಿಲ್ ಎಂಜಿನಿಯರ್): ಮೇಡಂ, ಹೊಸ ಬಣ್ಣ ಕಂಡರೆ ನಾನು ಮೊದಲು ಹುಡುಕೋದು ತೇವ. ಬಾತ್‌ರೂಮಿನ ಹಿಂದಿನ ಗೋಡೆಯಲ್ಲಿ, ನೆಲದಿಂದ ಮೂರಡಿ ಒಳಗೆ ಅಂಗೈ ಇಟ್ಟು ನೋಡಿ. ತಣ್ಣಗಿದ್ದರೆ, ಬಣ್ಣ ಉಬ್ಬಿದ್ದರೆ, ಉಪ್ಪಿನ ಬಿಳಿ ಪುಡಿ ಕೈಗೆ ಹತ್ತಿದರೆ ಗೋಡೆ ನೀರು ಕುಡಿದಿದೆ ಅಂತ. ವಾರ್ಡ್‌ರೋಬ್ ತೆಗೆದು ಕೆಳಗಿನ ಮೂಲೆಯಲ್ಲಿ ಮುಗ್ಗಲು ವಾಸನೆ ಇದೆಯಾ ನೋಡಿ. ಬಣ್ಣದವರು ಅಲ್ಲಿಗೆ ಕೈ ಹಾಕಿರೋದಿಲ್ಲ. ಮೇಲಿನ ಬಾತ್‌ರೂಮಿನ ನೇರ ಕೆಳಗಿರುವ ಸೀಲಿಂಗಿಗೆ ಟಾರ್ಚನ್ನು ಓರೆಯಾಗಿ ಬಿಡಿ, ಎದುರಿನಿಂದ ಕಾಣದ ಕಲೆ, ಉಬ್ಬು ಆಗ ಎದ್ದು ಕಾಣುತ್ತೆ. ಸಾಧ್ಯವಾದರೆ ಜೋರು ಮಳೆ ಬಂದ ಮರುದಿನ ಇನ್ನೊಂದು ಸಲ ಹೋಗಿ. ತಾರಸಿಯಲ್ಲಿ ನೀರು ಎಲ್ಲಿ ನಿಲ್ಲುತ್ತೆ ಅನ್ನೋದು ಆಗಲೇ ಗೊತ್ತಾಗೋದು.

ಸಜ್ಜಾ, ಬಾಲ್ಕನಿ ತಳಭಾಗವನ್ನು ಮರೀಬೇಡಿ. ಕಬ್ಬಿಣದ ಉದ್ದಕ್ಕೂ ಕಂದು ಗೆರೆ, ಕಾಂಕ್ರೀಟ್ ಚಕ್ಕೆ ಎದ್ದಿರೋದು ಕಂಡರೆ ಒಳಗಿನ ಕಂಬಿ ತುಕ್ಕು ಹಿಡಿದು ಊದಿದೆ. ಗಾರೆ ಮೆತ್ತಿದರೆ ಅದು ವಾಸಿಯಾಗಲ್ಲ, ಒಳ್ಳೇ ಖರ್ಚಿನ ಕೆಲಸ.

ಎಲ್ಲಾ ನಲ್ಲಿ ಮುಚ್ಚಿ, ಸಂಪ್‌ಗೆ (ನೆಲದಡಿಯ ನೀರಿನ ತೊಟ್ಟಿಗೆ) ನೀರು ಹೋಗದ ಹಾಗೆ ಮಾಡಿ. ಆಮೇಲೂ ನೀರಿನ ಮೀಟರ್ ತಿರುಗುತ್ತಿದ್ದರೆ ಪೈಪು ಎಲ್ಲೋ ಸೋರ್ತಿದೆ. ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗೋ ಸ್ವಿಚ್) ಇದ್ದರೆ ಅದರ ಟೆಸ್ಟ್ ಬಟನ್ ಒತ್ತಿ, ತಕ್ಷಣ ಟ್ರಿಪ್ ಆಗಬೇಕು.

ಪ್ರಶ್ನೆ: ಮೆಟ್ಟಿಲ ಪಕ್ಕದ ಕಿಟಕಿ ಮೂಲೆಯಿಂದ ಓರೆಯಾಗಿ ಒಂದು ಗೆರೆ ಇದೆ ಸರ್. ಪುಟ್ಟಿ ತುಂಬಿದ್ದಾರೆ. ‘ಬರೀ ಪ್ಲಾಸ್ಟರ್ ಬಿರುಕು’ ಅಂತಾರೆ.

ಉತ್ತರ: ಇರಬಹುದು. ಕೂದಲೆಳೆ ಬಿರುಕು ಎಲ್ಲ ಮನೆಯಲ್ಲೂ ಇರುತ್ತೆ. ಆದರೆ ಅದೇ ಜಾಗದಲ್ಲಿ ಗೋಡೆಯ ಹೊರಗೂ ಗೆರೆ ಇದೆಯಾ? ಕಿಟಕಿ ಬಾಗಿಲು ಚೌಕಟ್ಟಿಗೆ ಉಜ್ಜುತ್ತಾ? ಎರಡಕ್ಕೂ ಹೌದು ಅಂದರೆ ತಳಪಾಯ ಒಂದು ಕಡೆ ಕುಸಿದಿರೋ ಸಂಶಯ ನನಗೆ. ಮಾಲೀಕರು ಒಪ್ಪಿದರೆ ಬಿರುಕಿಗೆ ಅಡ್ಡಲಾಗಿ ಸಣ್ಣ ಗಾಜಿನ ಪಟ್ಟಿ ಅಂಟಿಸಿ ಕೆಲವು ವಾರ ಬಿಡ್ತೀವಿ. ಗೋಡೆ ಇನ್ನೂ ಅಲುಗುತ್ತಿದ್ದರೆ ಗಾಜು ಸೀಳುತ್ತೆ. ಭಾನುವಾರದೊಳಗೆ ಇದು ಆಗೋ ಮಾತಲ್ಲ, ಅದಕ್ಕೇ ಅಡ್ವಾನ್ಸ್ ಈಗ ಬೇಡ ಅಂತೀನಿ.

ಇನ್ನೊಬ್ಬರ ಪ್ರಶ್ನೆ: ಕಾಗದ ಪತ್ರ?

ಉತ್ತರ: ಅದನ್ನು ವಕೀಲರ ಕೈಗೇ ಕೊಡಿ. ಋಣಭಾರ ಪತ್ರ, ಖಾತೆ, ಮಂಜೂರಾದ ನಕ್ಷೆ ಮೂರನ್ನೂ ಕೇಳಿ. ನಕ್ಷೆಯ ಒಂದು ಜೆರಾಕ್ಸ್ ನನಗೂ ಬೇಕು ಮೇಡಂ. ಮೇಲಿನ ಮಹಡಿ ಅದರಲ್ಲಿ ಇದೆಯೋ, ಆಮೇಲೆ ಏರಿಸಿದ್ದೋ ನೋಡಬೇಕು. ಒಂದೇ ಅಂತಸ್ತಿಗೆ ಹಾಕಿದ ತಳಪಾಯದ ಮೇಲೆ ಎರಡನೇದು ಕೂತಿದ್ದರೆ ನಿಮ್ಮ ಓರೆ ಬಿರುಕಿಗೆ ಅಲ್ಲೇ ಕಾರಣ ಸಿಗಬಹುದು.