ಜಾತ್ರೆಯ ದಿನಗಳಲ್ಲಿ ಕಲಬುರಗಿ: ಕಡಿಮೆ ಖರ್ಚಿನಲ್ಲಿ ನೋಡುವುದು ಹೇಗೆ?

ಪ್ರಶ್ನೆ: ಶರಣಬಸವೇಶ್ವರ ಜಾತ್ರೆಯ ಸಮಯಕ್ಕೆ ಬೆನ್ನಚೀಲವೊಂದನ್ನೇ ಹೊತ್ತು ಕಲಬುರಗಿಗೆ ಬರುವ ವಿಚಾರವಿದೆ. ವಸತಿ, ಊಟಕ್ಕೆ ಹೆಚ್ಚು ವ್ಯಯಿಸದೆ ಊರನ್ನು ನೋಡಲು ಸಾಧ್ಯವೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಖಂಡಿತ ಸಾಧ್ಯವಿದೆ. ಹೋಳಿ ಹುಣ್ಣಿಮೆಯ ನಂತರ ಐದನೆಯ ದಿನ ಸಂಜೆ ತೇರು ಎಳೆಯುವುದರಿಂದ ಅಂದು ವಸತಿಗೃಹಗಳು ತುಂಬಿರುತ್ತವೆ; ಕೋಣೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಊಟದ ಚಿಂತೆ ಬೇಡ, ಗುಡಿಯಲ್ಲಿ ದಾಸೋಹವಿದೆ. ಖಾನಾವಳಿಗೆ ಹೋದರೆ ಬಿಸಿ ಜೋಳದ ರೊಟ್ಟಿಯ ಜೊತೆ ಪುಂಡಿಪಲ್ಯ, ಶೇಂಗಾ ಹಿಂಡಿಯನ್ನು ಕೇಳಿ ಹಾಕಿಸಿಕೊಳ್ಳಿ.

ಉತ್ತರ 2: ಕೋಟೆಯನ್ನು ಬೆಳಿಗ್ಗೆಯೇ ನೋಡಿ ಮುಗಿಸುವುದು ಒಳ್ಳೆಯದು, ಏಕೆಂದರೆ ನಮ್ಮ ಮಾರ್ಚ್ ಬಿಸಿಲು ಅತಿಥಿಗಳೆಂದು ರಿಯಾಯಿತಿ ತೋರುವುದಿಲ್ಲ. ಒಳಗಿರುವ 1367ರ ಜಾಮಿ ಮಸೀದಿಯಲ್ಲಿ ತೆರೆದ ಅಂಗಳವೇ ಇಲ್ಲದೆ ಇಡೀ ಕಟ್ಟಡ ಗುಮ್ಮಟಗಳಿಂದ ಮುಚ್ಚಿಕೊಂಡಿರುವುದರಿಂದ, ಸಾಲುಸಾಲು ಕಮಾನುಗಳ ನಡುವೆ ನೆರಳಿನಲ್ಲೇ ಅಡ್ಡಾಡಬಹುದು. ಖಾಜಾ ಬಂದೇನವಾಜ್ ದರ್ಗಾ, ಬಹಮನಿ ಸುಲ್ತಾನರ ಗೋರಿಗಳಿರುವ ಹಫ್ತ್ ಗುಂಬಜ್ ಎರಡನ್ನೂ ಒಟ್ಟಿಗೇ ನೋಡಿ.

ಉತ್ತರ 3: ಸಮಯವಿದ್ದರೆ ರೈಲಿನಲ್ಲಿ ಬೀದರಿಗೂ ಹೋಗಿಬನ್ನಿ. ಅಲ್ಲಿ ನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ ಎಲ್ಲರಿಗೂ ಉಚಿತ ಊಟವಿದೆ. ತಲೆಗೆ ವಸ್ತ್ರ ಕಟ್ಟಿಕೊಂಡು ಒಳಗೆ ಹೋಗಬೇಕು.