ಸಹಾಯ ಬೇಕು: 31ರಲ್ಲಿ ಪೈಲಟ್ ಆಗಲು ಹೊರಟಿದ್ದೇನೆ, ಹಳೆಯ ಕೇಸೊಂದಿದೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ನನ್ನದು. ಭಾನುವಾರ ಬಂದರೆ ಜಕ್ಕೂರು ಏರೋಡ್ರೋಮ್ ಬೇಲಿ ಹತ್ತಿರ ಹೋಗಿ ನಿಲ್ಲುತ್ತೇನೆ. ಸಣ್ಣ ವಿಮಾನ ನೆಲ ಬಿಟ್ಟು ಏಳುವಾಗ ಎದೆ ಢವಢವ ಅನ್ನುತ್ತದೆ.

ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು, ಡಿಜಿಸಿಎ (ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ) ಪೇಪರ್‌ಗಳಲ್ಲಿ ಶೇ. 70 ಅಂಕ ಬೇಕು. ಪಿಯುಸಿ ಗಣಿತವನ್ನು ನಾನು ಸಪ್ಲಿಮೆಂಟರಿಯಲ್ಲಿ ಪಾಸು ಮಾಡಿದವನು. ಅದರ ಚಿಂತೆಯಿಲ್ಲ, ಕೂತು ಓದುತ್ತೇನೆ.

ನಿದ್ದೆ ಕೆಡಿಸುತ್ತಿರುವುದು ಬೇರೆ. 2019ರಲ್ಲಿ ಗೆಳೆಯನ ಮದುವೆಯಿಂದ ಬರುವಾಗ ಕುಡಿದು ಬೈಕ್ ಓಡಿಸಿ ಸಿಕ್ಕಿಬಿದ್ದೆ. ಕೋರ್ಟಿನಲ್ಲಿ ಒಪ್ಪಿಕೊಂಡು ದಂಡ ಕಟ್ಟಿದೆ. ಆ ರಸೀದಿ ಈಗಲೂ ಬೀರುವಿನಲ್ಲಿದೆ, ಅಕ್ಷರ ಮಾಸಿದೆ. ತಪ್ಪು ನನ್ನದೇ. ಅವತ್ತಿನಿಂದ ಒಂದು ತೊಟ್ಟೂ ಮುಟ್ಟಿಲ್ಲ. ಹಾರಾಟಕ್ಕೆ 12 ಗಂಟೆ ಮುಂಚಿನಿಂದ ಕುಡಿಯುವಂತಿಲ್ಲ ಅನ್ನುವ ಕೆಲಸ ಇದು. ಏರ್‌ಲೈನ್‌ನವರು ಇದನ್ನು ಕೆದಕಿದರೆ ಅದು ನ್ಯಾಯವೇ ಅಲ್ವಾ?

ಕ್ಲಾಸ್ 1 ಮೆಡಿಕಲ್‌ನಲ್ಲಿ (ಕಮರ್ಷಿಯಲ್ ಪೈಲಟ್‌ಗಳ ಆರೋಗ್ಯ ತಪಾಸಣೆ), ಕೆಲಸದ ಅರ್ಜಿಯಲ್ಲಿ ಇದನ್ನು ಕೇಳುತ್ತಾರಾ? ಮುಚ್ಚಿಡುವ ಮನಸ್ಸಿಲ್ಲ. ಯಾವ ಹಂತದಲ್ಲಿ, ಯಾವ ಕಾಗದ ಕೊಟ್ಟು ಹೇಳಬೇಕು? ಸಾಲ ಮಾಡುವ ಮೊದಲು, ಕೆಲಸ ಬಿಡುವ ಮೊದಲು ತಿಳಿದುಕೊಳ್ಳಬೇಕು. ಮನೆಯಲ್ಲಿ ಅಮ್ಮನಿಗೆ ಇನ್ನೂ ಹೇಳಿಲ್ಲ. ಈ ದಾರಿಯಲ್ಲಿ ಹೋದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.