ಆರ್ ಸ್ಕ್ವೇರ್ ಚಂದ ಉಂಟು, ಪಿ ವ್ಯಾಲ್ಯೂ ಮಾತ್ರ ಕೈಕೊಟ್ಟಿದೆ, ಎಂತ ಮಾಡುದು?

ಪೆರ್ಲದ ಮಾಣಿ: ಅಣ್ಣಂದಿರೇ ಒಂದು ಹೆಲ್ಪ್ ಬೇಕಿತ್ತು. ಕ್ಲಾಸಲ್ಲಿ ಅಭ್ಯಾಸಕ್ಕೆ ಕೊಟ್ಟ ಡೇಟಾ, 40 ಅಡಿಕೆ ತೋಟ, ಮರಕ್ಕೆ ಎಷ್ಟು ಕಿಲೋ ಒಣ ಅಡಿಕೆ ಅನ್ನುದು ವೈ. ವೈಯನ್ನು ಅಂದಾಜು ಮಾಡ್ಲಿಕ್ಕೆ ಎಕ್ಸ್ ಮೂರು: ಬೇಸಿಗೆಲಿ ತಿಂಗಳಿಗೆ ನೀರು ಬಿಟ್ಟ ದಿನ, ಮರಕ್ಕೆ ಬಿದ್ದ ಒಟ್ಟು ಲೀಟರ್, ಮರದ ಪ್ರಾಯ. ಎಕ್ಸೆಲಲ್ಲಿ ರಿಗ್ರೆಶನ್ ಹಾಕಿದ್ರೆ ಆರ್ ಸ್ಕ್ವೇರ್ (ವೈಯ ಏರಿಳಿತದಲ್ಲಿ ಎಕ್ಸ್ ಮೂರೂ ಸೇರಿ ವಿವರಿಸುವ ಪಾಲು) 0.62, ಸಿಗ್ನಿಫಿಕೆನ್ಸ್ ಎಫ್ (ಮೂರೂ ಎಕ್ಸಿಗೆ ಸಂಬಂಧವೇ ಇಲ್ಲದಿದ್ರೂ ಆಕಸ್ಮಿಕವಾಗಿ ಇಷ್ಟು ಕಾಣುವ ಸಾಧ್ಯತೆ, ಅಂದ್ರೆ ಒಟ್ಟು ಮಾಡೆಲಿನ ಪಿ ವ್ಯಾಲ್ಯೂ) 0.001ಕ್ಕಿಂತ ಎಷ್ಟೋ ಕಮ್ಮಿ. ಆದ್ರೆ ನೀರಿನ ದಿನದ ಕೋಎಫಿಶಿಯೆಂಟ್ (ಒಂದು ದಿನ ಹೆಚ್ಚಾದ್ರೆ ವೈಯಲ್ಲಿ ಕಾಣುವ ವ್ಯತ್ಯಾಸ) 0.042, ಸ್ಟ್ಯಾಂಡರ್ಡ್ ಎರರ್ (ಆ ಅಂದಾಜು ಎಷ್ಟು ಅಲುಗಾಡ್ತದೆ ಅನ್ನುದು) 0.026, 95% ಇಂಟರ್ವಲ್ -0.011ರಿಂದ 0.095. ಲೀಟರಿಂದೂ ಹಾಗೇ, ಇಂಟರ್ವಲ್ ಒಳಗೆ ಸೊನ್ನೆ, ಅಂದ್ರೆ ಎರಡರ ಪಿ ವ್ಯಾಲ್ಯೂವೂ 0.05ಕ್ಕಿಂತ ಹೆಚ್ಚು. ನೀರು ಬಿಟ್ಟು ಪ್ರಯೋಜನ ಇಲ್ಲ ಅಂತಲಾ? ಅಪ್ಪನಿಗೆ ಹೇಳಿದ್ರೆ ನಗ್ತಾರೆ.

ಮುಳ್ಳೇರಿಯ ಭಾವ: ಅಪ್ಪ ನಗುದು ಸರಿಯೇ ಮಾರಾಯ. ದಿನ ಮತ್ತು ಲೀಟರ್ ಎರಡರ ನಡುವೆ ಕೋರಿಲೇಶನ್ (ಒಟ್ಟಿಗೆ ಏರಿಳಿಯುವ ಅಳತೆ, ಹೆಚ್ಚೆಂದ್ರೆ 1) ಎಷ್ಟು, ಮೊದಲು ಅದನ್ನು ಹೇಳು.

ಪೆರ್ಲದ ಮಾಣಿ: 0.94 ಬಂತು

ಮುಳ್ಳೇರಿಯ ಭಾವ: ಅಲ್ಲೇ ಉಂಟು ನೋಡು. ಇಬ್ಬರು ಸೇರಿ ಒಂದು ಗೋಣಿ ಎತ್ತಿದ್ರೆ ಯಾರ ಬಲ ಎಷ್ಟು ಅಂತ ಹೇಳ್ಲಿಕ್ಕೆ ಬರುದಿಲ್ಲ, ಗೋಣಿ ಎದ್ದದ್ದು ಮಾತ್ರ ನಿಜ. ಎಫ್ ಹೇಳುದು ಗೋಣಿ ಎದ್ದದ್ದನ್ನು, ಒಂದೊಂದರ ಪಿ ವ್ಯಾಲ್ಯೂ ಕೇಳುದು ಒಬ್ಬೊಬ್ಬನ ಬಲ. ಎಕ್ಸೆಲ್ ವಿಐಎಫ್ (ಎಕ್ಸ್‌ಗಳು ಒಂದಕ್ಕೊಂದು ಅಂಟಿಕೊಂಡದ್ದರಿಂದ ಅನಿಶ್ಚಿತತೆ ಎಷ್ಟು ಉಬ್ಬಿದೆ ಅನ್ನುವ ಅಳತೆ) ಕೊಡುದಿಲ್ಲ, ನೀನೇ ಲೆಕ್ಕ ಹಾಕ್ಬೇಕು: ದಿನವನ್ನು ವೈ ಮಾಡಿ ಬಾಕಿ ಎರಡು ಎಕ್ಸ್ ಹಾಕು, ಬಂದ ಆರ್ ಸ್ಕ್ವೇರನ್ನು 1ರಿಂದ ಕಳೆದು, 1ನ್ನು ಅದರಿಂದ ಭಾಗಿಸು. 0.94 ಅಂದ್ರೆ ಕಮ್ಮಿ ಅಂದ್ರೂ 8.6 ಬರ್ತದೆ, ಅದರ ವರ್ಗಮೂಲ ಸುಮಾರು 2.9, ಸ್ಟ್ಯಾಂಡರ್ಡ್ ಎರರ್ ಅಷ್ಟು ಪಟ್ಟು ಉಬ್ಬಿದೆ, ಇಂಟರ್ವಲ್ ಅಗಲ ಆದದ್ದೂ ಅದಕ್ಕೇ. ಲೀಟರ್ ತೆಗೆದು ಓಡಿಸಿ ನೋಡು.

ಪೆರ್ಲದ ಮಾಣಿ: ಅಬ್ಬ! ಈಗ 0.061, ಎರರ್ 0.009, ಇಂಟರ್ವಲ್ 0.043ರಿಂದ 0.079, ಆರ್ ಸ್ಕ್ವೇರ್ 0.61, ಹೆಚ್ಚೇನೂ ಇಳೀಲಿಲ್ಲ. ಹಾಗಾದ್ರೆ ನಿಜವಾದ ಬೆಲೆ ಇದರೊಳಗೆ ಇರುವ ಸಾಧ್ಯತೆ 95% ಅಂತ ಬರೀಲಾ?

ಮುಳ್ಳೇರಿಯ ಭಾವ: ಹಾಗೆ ಬರೀಬೇಡ, ಮಾರ್ಕ್ ಹೋಗ್ತದೆ. ಇದೇ ರೀತಿ ಬೇರೆ ಬೇರೆ ಸ್ಯಾಂಪಲ್ ತೆಗೆದು ಇಂಟರ್ವಲ್ ಕಟ್ತಾ ಹೋದ್ರೆ ನೂರರಲ್ಲಿ ಸುಮಾರು 95 ಇಂಟರ್ವಲ್ ನಿಜವಾದ ಬೆಲೆಯನ್ನು ಹಿಡಿತದೆ, ನಿನ್ನದು ಹಿಡಿದದ್ದಾ ತಪ್ಪಿದ್ದಾ ಗೊತ್ತಿಲ್ಲ. ಕೋಎಫಿಶಿಯೆಂಟಿಗೆ ಹೀಗೆ ಬರಿ: ಒಂದೇ ಪ್ರಾಯದ ಮರಗಳಲ್ಲಿ ತಿಂಗಳಿಗೆ ಒಂದು ದಿನ ಹೆಚ್ಚು ನೀರು ಬಿಟ್ಟ ತೋಟದಲ್ಲಿ ಮರಕ್ಕೆ ಸರಾಸರಿ 61 ಗ್ರಾಂ ಹೆಚ್ಚು. ಲೀಟರ್ ತೆಗೆದ ಮೇಲೆ ಈ 61ರಲ್ಲಿ ಲೀಟರಿನ ಪಾಲೂ ಸೇರಿದೆ, ಅದನ್ನೂ ಒಂದು ಸಾಲು ಹಾಕು.

ಕುಂಬ್ಳೆ ಟೀಚರ್: "ನೀರಿನಿಂದ" ಹೆಚ್ಚಾಯಿತು ಅಂತ ಬರೀಬೇಡಪ್ಪ. ಸುರಂಗದಲ್ಲಿ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು) ಏಪ್ರಿಲಿಗೂ ನೀರಿರುವ ತೋಟದವರು ಗೊಬ್ಬರವನ್ನೂ ಚೆನ್ನಾಗಿ ಹಾಕ್ತಾರೋ ಏನೋ, ನಿನ್ನ ಡೇಟಾದಲ್ಲಿ ಗೊಬ್ಬರವೇ ಇಲ್ಲ.

ಪೆರ್ಲದ ಮಾಣಿ: ಆಯ್ತು ಟೀಚರ್, ಗೊಬ್ಬರದ್ದು ಸೇರಿಸಿ ಬರಿತೇನೆ. ನಾಳೆ ಕೊಡ್ಲಿಕ್ಕುಂಟು.